ಕೆಂಪು ಕ್ಯಾಲಿಪರಿನ ಒಳಗೆ

ತಾಳವಾಡಿಯ ಕಡೆಯವರು ಜಿಲ್ಲಾ ಕೇಂದ್ರವಾದ ಈರೋಡಿಗೆ ಹೊರಟರೆ ಸಾಮಾನ್ಯವಾಗಿ ದಿಂಬಂ ಘಟ್ಟವನ್ನೇ ಇಳಿಯಬೇಕು. ಬಣ್ಣಾರಿ ಸೇರುವ ತನಕ 27 ಹೇರ್‌ಪಿನ್ ತಿರುವುಗಳು. ತಿರುವಿಗೊಮ್ಮೆ ಬ್ರೇಕು. ಕೆಳಗೆ ಬಂದು ಕಾರು ನಿಲ್ಲಿಸಿದಾಗ ಚಕ್ರಗಳಿಂದೇಳುವ ಸುಟ್ಟ ವಾಸನೆಯನ್ನು ಈ ಸೀಮೆಯವರಿಗೆ ವರ್ಣಿಸಿ ಹೇಳಬೇಕಾದುದಿಲ್ಲ. ಅಂಥ ಕಾರುಗಳ ಅಲಾಯ್ ಚಕ್ರಗಳ ಸಂದಿಯಲ್ಲಿ ಈಗ ಕೆಂಪು, ಹಳದಿ ಬಣ್ಣಗಳು ಇಣುಕುತ್ತಿವೆ. ಅವು ಬಣ್ಣ ಬಳಿದ ಬ್ರೇಕ್ ಕ್ಯಾಲಿಪರುಗಳು.

ತಿರುಗುವ ಡಿಸ್ಕನ್ನು ಎರಡೂ ಬದಿಯಿಂದ ಪ್ಯಾಡುಗಳ ನಡುವೆ ಅದುಮಿ ಹಿಡಿಯುವ ಇಕ್ಕಳವೇ ಕ್ಯಾಲಿಪರ್. ಸಾಮಾನ್ಯ ಕಾರುಗಳಲ್ಲಿ ಅದು ಎರಕದ ಕಬ್ಬಿಣದ್ದು; ಒಂದೆರಡು ಮಳೆಗಾಲ ಕಳೆಯುವಷ್ಟರಲ್ಲಿ ತುಕ್ಕು ಹಿಡಿದು ಕೂರುತ್ತದೆ. ತುಕ್ಕನ್ನು ತಡೆಯಲು ಬಣ್ಣ ಬಳಿಯುವುದರಲ್ಲಿ ತಪ್ಪೇನೂ ಇಲ್ಲ, ಅಂದಕ್ಕಾಗಿ ಬಳಿದರೂ ಇಲ್ಲ. ಆದರೆ ಪಂದ್ಯದ ಕಾರಿನಂತೆ ಕಂಡ ಮಾತ್ರಕ್ಕೆ ಬ್ರೇಕು ಪಂದ್ಯದ ಕಾರಿನಂತೆ ಹಿಡಿಯುವುದಿಲ್ಲ.

ಶಾಖದ ಲೆಕ್ಕವನ್ನು ನೋಡಬೇಕು. 1,200 ಕಿಲೋ ತೂಕದ ಕಾರು 100 ಮೀಟರ್ ಎತ್ತರವನ್ನು ಇಳಿಯುವಾಗ ಬಿಟ್ಟುಕೊಡುವ ಶಕ್ತಿ ಸುಮಾರು 12 ಲಕ್ಷ ಜೂಲ್. ಮೂರೂವರೆ ಲೀಟರ್ ತಣ್ಣೀರನ್ನು ಕುದಿಯುವ ಮಟ್ಟಕ್ಕೆ ತರಲು ಅಷ್ಟು ಸಾಕು. ಚಿಕ್ಕ ಗೇರಿನಲ್ಲಿಳಿದರೆ ಎಂಜಿನ್ ಅದರಲ್ಲೊಂದು ದೊಡ್ಡ ಪಾಲನ್ನು ಹೊರುತ್ತದೆ. ನ್ಯೂಟ್ರಲಿನಲ್ಲಿ ಜಾರಿಬಿಟ್ಟರೆ ಹೊರೆಯೆಲ್ಲ ಬ್ರೇಕಿನದೇ. ಗೇಟು, ಗ್ರಿಲ್ಲುಗಳಿಗೆ ಬಳಿಯುವ ಸಾಧಾರಣ ಬಣ್ಣ ಈ ಕಾವಿಗೆ ಗುಳ್ಳೆಯೆದ್ದು ಸುಲಿಯುತ್ತದೆ. ಆದ್ದರಿಂದಲೇ ಸುಮಾರು 250 ಡಿಗ್ರಿ ಸೆಲ್ಸಿಯಸ್ ತಾಳುವ ಕ್ಯಾಲಿಪರ್ ಬಣ್ಣಗಳು ಪ್ರತ್ಯೇಕವಾಗಿ ದೊರೆಯುತ್ತವೆ. ಸೈಲೆನ್ಸರಿಗೆಂದು ಮಾರುವ ಬಣ್ಣ ಇನ್ನೂ ಹೆಚ್ಚು ಶಾಖವನ್ನು ತಾಳೀತು. ಆದರೆ ಕಾಯಿಸಿ ಬೇಯಿಸದ ಹೊರತು ಅದು ಗಟ್ಟಿಯಾಗಿ ಕೂರುವುದಿಲ್ಲ.

ಕೆಲಸದಲ್ಲಿ ಕುಂಚಕ್ಕಿಂತ ಮೊದಲಿನ ಸಿದ್ಧತೆಯೇ ಹೆಚ್ಚು. ಕಾರನ್ನು ಜಾಕಿನ ಮೇಲಷ್ಟೇ ಬಿಡದೆ ಸ್ಟ್ಯಾಂಡಿನ ಮೇಲೆ ನಿಲ್ಲಿಸಬೇಕು. ತಂತಿ ಬ್ರಶ್ಶಿನಿಂದ ತುಕ್ಕನ್ನು ಉಜ್ಜಿ, ಬ್ರೇಕ್ ಕ್ಲೀನರಿನಿಂದ ಜಿಡ್ಡನ್ನು ತೆಗೆಯಬೇಕು. ಪ್ಯಾಡಿನ ಪುಡಿಯನ್ನು ಗಾಳಿಯಿಂದ ಊದಬಾರದು, ಅದು ಶ್ವಾಸಕೋಶಕ್ಕೆ ಹೋಗುವಂಥದು. ಬಳಿಕ ಬಣ್ಣ ತಾಗಬಾರದ ಕಡೆಗಳನ್ನೆಲ್ಲ ಟೇಪಿನಿಂದ ಮುಚ್ಚಬೇಕು: ಡಿಸ್ಕು, ಪ್ಯಾಡು, ಪಿಸ್ಟನ್ನಿನ ರಬ್ಬರು, ಬ್ಲೀಡರ್ ನಿಪ್ಪಲ್, ಎಲ್ಲಕ್ಕಿಂತ ಮುಖ್ಯವಾಗಿ ಕ್ಯಾಲಿಪರ್ ಹಿಂದೆಮುಂದೆ ಸರಿಯಲು ಇರುವ ಪಿನ್ನುಗಳು. ಪಿನ್ನಿನ ಮೇಲೆ ಬಣ್ಣ ಕಟ್ಟಿದರೆ ಕ್ಯಾಲಿಪರ್ ಸರಿಯದು. ಕಾಲು ತೆಗೆದ ಮೇಲೂ ಪ್ಯಾಡು ಡಿಸ್ಕನ್ನು ತಿಕ್ಕುತ್ತಲೇ ಇರುತ್ತದೆ. ಆಗ ನಾಲ್ಕು ಚಕ್ರಗಳಲ್ಲಿ ಒಂದು ಮಾತ್ರ ಕೆಂಡದಂತೆ ಕಾಯುತ್ತದೆ. ಕ್ಯಾಲಿಪರನ್ನು ಬಿಚ್ಚಿದರೆ ಹೋಸಿನಿಂದ ಜೋತುಬಿಡದೆ ತಂತಿಯಿಂದ ಕಟ್ಟಿಡಬೇಕು. ಮರಳಿ ಜೋಡಿಸಿದ ಮೇಲೆ, ಕಾರು ಕದಲುವ ಮೊದಲೇ, ಪೆಡಲನ್ನು ಗಟ್ಟಿಯಾಗುವ ತನಕ ಹಲವು ಸಲ ತುಳಿಯಬೇಕು. ಇದನ್ನು ಮರೆತವನ ಮೊದಲ ತುಳಿತಕ್ಕೆ ಪೆಡಲು ನೆಲ ಮುಟ್ಟುತ್ತದೆ. ಎದುರಿಗಿರುವುದು ಶೆಡ್ಡಿನ ಗೋಡೆಯಾದರೆ ಅದು ಅವನ ಪುಣ್ಯ.

ಇಷ್ಟಾದರೂ ಬಣ್ಣ ಮುಟ್ಟದ ಭಾಗವೊಂದು ಉಳಿಯುತ್ತದೆ, ಒಳಗಿನ ಬ್ರೇಕ್ ಆಯಿಲ್. ಅದು ಗಾಳಿಯ ತೇವವನ್ನು ಹೀರುವ ದ್ರವ. ಡಾಟ್ 4 ದರ್ಜೆಯ ಹೊಸ ಆಯಿಲ್ ಕನಿಷ್ಠ 230 ಡಿಗ್ರಿಯ ತನಕ ಕುದಿಯಬಾರದೆಂಬುದು ನಿಯಮ. ತೇವ ಹೀರಿದ ಆಯಿಲಿಗೆ ಆ ಮಿತಿ 155ಕ್ಕೆ ಇಳಿಯುತ್ತದೆ. ಡಾಟ್ 3ರಲ್ಲಿ 205 ಮತ್ತು 140. ಹೊರಗಿನ ಬಣ್ಣ 250 ಡಿಗ್ರಿಗೂ ಮಾಸದೆ ಹೊಳೆಯುತ್ತಿರುವಾಗಲೇ ಒಳಗಿನ ಹಳೆಯ ಆಯಿಲ್ ಕುದಿದು, ಆವಿಯ ಗುಳ್ಳೆ ತುಂಬಿ, ಪೆಡಲು ಸುಮ್ಮನೆ ಕುಸಿಯಬಹುದು. ಬಣ್ಣಕ್ಕೆಂದು ಚಕ್ರ ಬಿಚ್ಚಿದ ದಿನವೇ ಆಯಿಲನ್ನೂ ಬದಲಿಸುವವನು ಜಾಣ. ಆಗಲೂ ಒಂದು ಎಚ್ಚರ ಬೇಕು: ಈ ಆಯಿಲ್ ಬಣ್ಣವನ್ನು ತಿನ್ನುತ್ತದೆ. ಮೊದಲು ಆಯಿಲ್, ಆಮೇಲೆ ಬಣ್ಣ.

ಕಾನೂನು ಈ ಬಣ್ಣದ ಗೊಡವೆಗೆ ಬರುವುದಿಲ್ಲ. ನೋಂದಣಿಯಲ್ಲಿ ನಮೂದಾಗುವುದು ಕಾರಿನ ಮೈಬಣ್ಣ. ಮೋಟಾರು ವಾಹನ ಕಾಯ್ದೆ, 1988ರ 52ನೇ ಕಲಮು ತಡೆಯುವುದು ನೋಂದಣಿ ಪತ್ರದ ವಿವರಗಳು ತಯಾರಕರು ಮೂಲತಃ ನಿಗದಿಪಡಿಸಿದುದಕ್ಕೆ ಭಿನ್ನವಾಗುವಂಥ ಮಾರ್ಪಾಡನ್ನು. ಬೇರೆ ಅಳತೆಯ ಬ್ರೇಕನ್ನೇ ತಂದು ಕೂರಿಸುವುದು ಬೇರೆ ವಿಚಾರ. ಆದರೆ ಅದೇ ಕಾಯ್ದೆಯ 190ನೇ ಕಲಮಿನ ಮಾತು ಕಠಿಣವಾಗಿದೆ. ಅಪಾಯಕಾರಿಯಾದ ದೋಷವಿದ್ದ ವಾಹನವನ್ನು ಸಾರ್ವಜನಿಕ ಸ್ಥಳದಲ್ಲಿ ಓಡಿಸಿದವನು, ದೋಷ ತನಗೆ ತಿಳಿದಿರಲಿಲ್ಲವೆಂದಷ್ಟೇ ಹೇಳಿ ಪಾರಾಗಲಾರ. ಸಾಧಾರಣ ಎಚ್ಚರದಿಂದ ಕಂಡುಕೊಳ್ಳಬಹುದಾಗಿದ್ದ ದೋಷಕ್ಕೂ ಅವನೇ ಹೊಣೆ. ಓಡಿಸಿದವನಷ್ಟೇ ಅಲ್ಲ, ಓಡಿಸಲು ಬಿಟ್ಟವನೂ.

ಹಳೆಯ ಕಾರು ಕೊಳ್ಳುವವರಿಗೆ ಇದು ಹೆಚ್ಚು ಅನ್ವಯಿಸುತ್ತದೆ. ಮಾರಾಟಕ್ಕಿಟ್ಟ ಕಾರಿನಲ್ಲಿ ಕ್ಯಾಲಿಪರಿನ ಬಣ್ಣ ಮಾತ್ರ ಹೊಚ್ಚ ಹೊಸದಾಗಿದ್ದರೆ ಚಕ್ರವೊಂದನ್ನು ಬಿಚ್ಚಿಸಿ ನೋಡಬೇಕು. ಹೋಸು ಸೇರುವ ಸಂದಿಯಲ್ಲಿ, ಪಿಸ್ಟನ್ನಿನ ರಬ್ಬರಿನ ಅಂಚಿನಲ್ಲಿ ಬಣ್ಣ ಮೆತ್ತಗಾಗಿ ಬೆರಳಿಗೆ ಅಂಟಿದರೆ ಅಲ್ಲಿ ಆಯಿಲ್ ಜಿನುಗುತ್ತಿರಬಹುದು. ಅಂಥ ಕಾರನ್ನು ಮೆಕ್ಯಾನಿಕ್ ಪರೀಕ್ಷಿಸುವ ತನಕ ಘಟ್ಟಕ್ಕೆ ಇಳಿಸಬಾರದು, ಮುಂಗಡವನ್ನೂ ಕೊಡಬಾರದು.