ಹಾಸಿಗೆ ಹಿಡಿದ ಮೇಲೆ ಐದು ಲಕ್ಷ, ಅದಕ್ಕೆ ಮುಂಚೆ ಏನು?

ಜ್ವರಕ್ಕೆ ಮಾತ್ರೆ, ಬಾಣಂತಿಗೆ ಆರೈಕೆ, ಮಗುವಿಗೆ ಲಸಿಕೆ; ಪ್ರಾಥಮಿಕ ಆರೋಗ್ಯ ಕೇಂದ್ರವೆಂದರೆ ಇಷ್ಟೇ ಎಂದು ತಿಳಿದವರು ಇನ್ನೂ ಅಧಿಕಾರದ ಕುರ್ಚಿಗಳಲ್ಲಿದ್ದಾರೆ. ಆದರೆ ದುಡಿಯುವ ಜನರನ್ನು ಇಂದು ಒಳಗೊಳಗೇ ತಿನ್ನುತ್ತಿರುವುದು ಬಂದು ಕೂತರೆ ಏಳದ ರಕ್ತದೊತ್ತಡ, ಸಕ್ಕರೆ ಕಾಯಿಲೆ, ಯಾರಲ್ಲೂ ಹೇಳಿಕೊಳ್ಳಲಾಗದ ಮನೋವ್ಯಥೆ.

ರಾತ್ರಿ ಪಾಳಿ ಮುಗಿಸಿದ ಗಿರಣಿ ಕಾರ್ಮಿಕ ತಿಂಗಳ ಮಾತ್ರೆಗಾಗಿ ದೊಡ್ಡಾಸ್ಪತ್ರೆಯ ಸಾಲಿನಲ್ಲಿ ನಿಲ್ಲಬೇಕು. ಕಿರಾಣಿ ಅಂಗಡಿಯವರು ಸಕ್ಕರೆ ಕಾಯಿಲೆ ತೋರಿಸಲು ಬಾಗಿಲು ಹಾಕಿಕೊಂಡು ಹೋಗಬೇಕು, ಅವರಿಗೆ ಇ.ಎಸ್.ಐ. ಆಸರೆಯೂ ಇಲ್ಲ. ನಿದ್ದೆಗೆಟ್ಟು ಮಂಕಾಗಿ ಕೂತ ಹೆಣ್ಣುಮಗಳಿಗೆ ಮಂತ್ರ ಹಾಕುವವರು ಸಿಗುತ್ತಾರೆ, ಡಾಕ್ಟರು ಸಿಗುವುದಿಲ್ಲ. 2015-16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ, ಕಾಯಿಲೆಗೆ ತಕ್ಕಂತೆ ನೂರಕ್ಕೆ 70ರಿಂದ 92 ಮಂದಿಗೆ ಚಿಕಿತ್ಸೆಯೇ ದೊರೆತಿರಲಿಲ್ಲ.

ದೇಹದ ಕಾಯಿಲೆ ಬೇರೆ, ಮನಸ್ಸಿನದು ಬೇರೆ ಎಂಬ ವಿಂಗಡಣೆ ಕಛೇರಿಯ ಕಡತಕ್ಕೆ ಸರಿ. ಬದುಕಿನಲ್ಲಿ ಎರಡೂ ಒಂದೇ ಮೈಯಲ್ಲಿರುತ್ತವೆ. ಮನಸ್ಸು ಕುಗ್ಗಿದವನು ಸಕ್ಕರೆ ಕಾಯಿಲೆಯ ಮಾತ್ರೆಯನ್ನೂ ಬಿಡುತ್ತಾನೆ. ಆಗ ಕಣ್ಣು, ಕಾಲು, ಮೂತ್ರಪಿಂಡ ಒಂದೊಂದಾಗಿ ಕೆಡುತ್ತವೆ.

ತಜ್ಞರಿಲ್ಲ ಎನ್ನುತ್ತಾರೆ ಅಧಿಕಾರಿಗಳು. ಅದಕ್ಕೆ ಉತ್ತರ ನಮ್ಮ ನಾಡಿನಲ್ಲೇ ಇದೆ. 1980ರ ದಶಕದಲ್ಲಿ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯು ಬಳ್ಳಾರಿ ಜಿಲ್ಲೆಯ ಸಾಮಾನ್ಯ ಡಾಕ್ಟರಿಗೂ ಆರೋಗ್ಯ ಕಾರ್ಯಕರ್ತರಿಗೂ ತರಬೇತಿ ಕೊಟ್ಟು, ಮನೋರೋಗಕ್ಕೆ ಪ್ರಾಥಮಿಕ ಕೇಂದ್ರದಲ್ಲೇ ಚಿಕಿತ್ಸೆ ನೀಡಬಹುದೆಂದು ತೋರಿಸಿತು. 1996ರಲ್ಲಿ ಆರಂಭವಾದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಅದೇ ಮಾದರಿ. ಆಳುವವರಿಗೆ ಇಷ್ಟು ವರ್ಷವಾದರೂ ಬಳ್ಳಾರಿಯ ಪಾಠ ಸಾಲದೇ?

ಹಣವಿಲ್ಲ ಎನ್ನುತ್ತಾರೆ. 2018ರ ಆಯುಷ್ಮಾನ್ ಯೋಜನೆಯಲ್ಲಿ ಆಸ್ಪತ್ರೆಗೆ ದಾಖಲಾದ ಬಡ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ವಿಮೆ ಉಂಟು. ಹೊರರೋಗಿಯ ದಿನನಿತ್ಯದ ಮಾತ್ರೆಗೆ ಆ ವಿಮೆಯಿಲ್ಲ. ಪಾರ್ಶ್ವವಾಯು ಬಡಿದ ಮೇಲೆ ಖಾಸಗಿ ಆಸ್ಪತ್ರೆಗೆ ಸರ್ಕಾರದ ಬೊಕ್ಕಸದಿಂದ ಹಣ ಕಟ್ಟಲು ಸಾಧ್ಯವಾದರೆ, ಅದನ್ನು ತಡೆಯುವ ಅಗ್ಗದ ಮಾತ್ರೆಯನ್ನು ಊರಿನ ಕೇಂದ್ರದಲ್ಲಿ ಇಡಲು ಏಕೆ ಸಾಧ್ಯವಿಲ್ಲ? ರಾಷ್ಟ್ರೀಯ ಉತ್ಪನ್ನದ ಶೇಕಡಾ 2.5ರಷ್ಟನ್ನು 2025ರ ಹೊತ್ತಿಗೆ ಆರೋಗ್ಯಕ್ಕೆ ವೆಚ್ಚ ಮಾಡುವುದಾಗಿ 2017ರ ಆರೋಗ್ಯ ನೀತಿ ಮಾತು ಕೊಟ್ಟಿತ್ತು. ಗಡುವು ಬಂತು, ಹಣ ಅಷ್ಟು ಬರಲಿಲ್ಲ.

ಮಾನಸಿಕ ಆರೋಗ್ಯ ಸೇವೆಯನ್ನು ಪ್ರಾಥಮಿಕ ಹಂತದಿಂದಲೇ ಸಾಮಾನ್ಯ ವೈದ್ಯಸೇವೆಯಲ್ಲಿ ಸೇರಿಸಬೇಕೆಂದು 2017ರ ಮಾನಸಿಕ ಆರೋಗ್ಯ ಕಾನೂನೇ ವಿಧಿಸಿದೆ. ಆದ್ದರಿಂದ ನಾವು ಬೇಡುತ್ತಿರುವುದು ದಾನವನ್ನಲ್ಲ.

ನಮ್ಮ ಒತ್ತಾಯ ಇಷ್ಟು: ರಕ್ತದೊತ್ತಡ, ಸಕ್ಕರೆ, ಮನೋರೋಗ ಮೂರನ್ನೂ ಪ್ರತಿ ಪ್ರಾಥಮಿಕ ಕೇಂದ್ರದಲ್ಲಿ ಒಂದೇ ಕಡೆ ನೋಡಬೇಕು. ಔಷಧಿ ಒಮ್ಮೆಗೇ ಎರಡು ತಿಂಗಳಿಗೆ ಸಿಗಬೇಕು. ಪಾಳಿ ಮುಗಿಸಿ ಬರುವವರಿಗಾಗಿ ಸಂಜೆಯೂ ಬಾಗಿಲು ತೆರೆದಿರಬೇಕು. ಈ ಕೆಲಸ ಹೊರುವ ಆಶಾ ಕಾರ್ಯಕರ್ತೆಯರಿಗೆ ನ್ಯಾಯವಾದ ಸಂಬಳ ಬೇಕು.

ಕಾರ್ಮಿಕ ಬಂಧುಗಳೇ, ಅಂಗಡಿಕಾರ ಮಿತ್ರರೇ, ನಿಮ್ಮ ಕೇಂದ್ರದಲ್ಲಿ ಇವುಗಳಲ್ಲಿ ಯಾವುದಿದೆ, ಯಾವುದಿಲ್ಲ, ಹೋಗಿ ಕೇಳಿ, ಬರೆದುಕೊಳ್ಳಿ. ಆ ಪಟ್ಟಿ ಹಿಡಿದು ಜಿಲ್ಲಾಧಿಕಾರಿಗಳ ಕಛೇರಿಗೆ ಒಟ್ಟಾಗಿ ಹೋಗೋಣ.