ಹಂಚಿನ ಕಾರ್ಖಾನೆ ಕೆಡಹುವ ಮೊದಲು

ಬಾಗಿಲು ಮುಚ್ಚಿದ ಹಂಚಿನ ಕಾರ್ಖಾನೆಗಳನ್ನು ಕೆಡಹುವ ಮುನ್ನ ಕೆಮರಾ ಹಿಡಿದು ಒಳಹೊಗುವ ಮಹನೀಯರಿದ್ದಾರೆ. ಕುಸಿದ ಮಾಡಿನಿಂದ ಇಳಿಯುವ ಬಿಸಿಲು, ಬಳ್ಳಿ ಹಬ್ಬಿದ ಚಿಮಿಣಿ, ತುಕ್ಕು ಹಿಡಿದ ಯಂತ್ರ, ಇವೆಲ್ಲ ಅವರಿಗೆ ಚೆಲುವು. ಇರಲಿ, ಚೆಲುವಿನೊಡನೆ ನಮಗೆ ಜಗಳವಿಲ್ಲ. ಆದರೆ ಆಫೀಸು ಕೋಣೆಯ ಕಪಾಟು ತೆರೆದು ನೋಡಿದವರು ಎಷ್ಟು ಮಂದಿ?

1865ರಲ್ಲಿ ಬಾಸೆಲ್ ಮಿಶನಿನವರು ಮಂಗಳೂರಿನ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ತೆಗೆದರು. ನೇತ್ರಾವತಿ, ಗುರುಪುರ ಹೊಳೆಗಳ ದಂಡೆಯ ಆವೆಮಣ್ಣು ದೋಣಿಯಲ್ಲಿ ಬಂತು, ಕಾಡಿನ ಸೌದೆ ಭಟ್ಟಿಗೆ ಬಿತ್ತು. ಮೂಡುಬಿದಿರೆ, ಬಂಟ್ವಾಳ, ಬೆಳ್ತಂಗಡಿಯ ಪೇಟೆಗಳಲ್ಲಿ ಮುಳಿಹುಲ್ಲಿನ ಮಾಡು ಹೋಗಿ ಕೆಂಪು ಹಂಚು ಏರಿತು. ಮಣ್ಣು ಕಲಸಿದವರು, ಅಚ್ಚಿಗೆ ಎಣ್ಣೆ ಸವರಿದವರು, ಹಸಿ ಹಂಚು ಹೊತ್ತು ಒಣಗಲಿಟ್ಟವರು, ಭಟ್ಟಿಯ ಕಾವಿಗೆ ಮೈಯೊಡ್ಡಿದವರು ಯಾರು? ಹಂಚಿನ ಬೆನ್ನ ಮೇಲೆ ಕಂಪೆನಿಯ ಹೆಸರಿದೆ, ಇಸವಿಯಿದೆ. ಒತ್ತಿದ ಕೈಯ ಹೆಸರಿಲ್ಲ. ನಮ್ಮ ಮೂಡುಬಿದಿರೆಯ ಸಾವಿರ ಕಂಬದ ಬಸದಿ 1430ರದು. ಕಟ್ಟಿಸಿದ ದೊಡ್ಡವರ ಸುದ್ದಿಗೆ ಅಲ್ಲಿ ಶಾಸನಗಳಿವೆ. ಹಂಚಿನ ಕೆಲಸಗಾರಳಿಗೆ ಇರುವ ಶಾಸನ ಹಾಜರಿ ಪುಸ್ತಕವೊಂದೇ. ಅದು ಗುಜರಿಯವನ ಗಾಡಿಗೆ ಬಿದ್ದರೆ ಅಲ್ಲಿಗೆ ಮುಗಿಯಿತು.

ಹರಕು ಕಾಗದಕ್ಕೆ ಇಷ್ಟು ಗದ್ದಲವೇಕೆ ಎಂದು ಮಾಲಿಕರ ವಕೀಲರು ನಗಬಹುದು. ಸ್ವಾಮಿ, 1972ರ ಗ್ರಾಚ್ಯುಟಿ ಕಾಯಿದೆ ಐದು ವರ್ಷ ದುಡಿದವರಿಗೆ ವರ್ಷವೊಂದಕ್ಕೆ 15 ದಿನದ ಕೂಲಿ ಕೊಡಿರೆಂದಿತು. ಇಪ್ಪತ್ತು ವರ್ಷ ದುಡಿದವಳಿಗೆ 300 ದಿನದ ಕೂಲಿ. ಆ ಇಪ್ಪತ್ತು ವರ್ಷಗಳನ್ನು ಅವಳು ತೋರಿಸುವುದು ಹೇಗೆ? ಹಾಜರಿ ಪುಸ್ತಕದಿಂದ, ಬಟವಾಡೆ ಪಟ್ಟಿಯಿಂದ, ಪ್ರಾವಿಡೆಂಟ್ ಫಂಡಿನ ಲೆಕ್ಕದಿಂದ. ಜೆಸಿಬಿ ಬಂದ ದಿನ ಗೋಡೆಯೊಡನೆ ಸಾಕ್ಷಿಯೂ ಮಣ್ಣಾಯಿತು.

ಅಂಗಡಿಯ ಬಂಧುಗಳೇ, ಇದು ಕೂಲಿಯವರ ತಂಟೆ ಎಂದು ಸುಮ್ಮನಿರಬೇಡಿ. ಕಾರ್ಖಾನೆಯ ಬಾಗಿಲಲ್ಲಿ ಚಹಾ, ಅಕ್ಕಿ, ಒಣಮೀನು ಕಡ ಕೊಟ್ಟವರು ನೀವೇ ಅಲ್ಲವೇ? ಬಟವಾಡೆ ನಿಂತ ವಾರ ನಿಮ್ಮ ಕಡದ ಪುಸ್ತಕವೂ ಮುಳುಗಿತು.

ಕಾಂಕ್ರೀಟು ಬಂತು, ಮಣ್ಣು ಸೌದೆ ತುಟ್ಟಿಯಾಯಿತು, ನಿಜ. ಹಂಚಿನ ಕಾಲ ಹೋಯಿತೆಂದು ನಾವು ಅಳುತ್ತಿಲ್ಲ. ಹಂಚಿಗೆ ಬೆಲೆ ಹೋದ ಮೇಲೆ ನೆಲಕ್ಕೆ ಬೆಲೆ ಬಂತಲ್ಲ, ಅದು ಯಾರ ಪಾಲು? ಬೆಂಗಳೂರಿನಲ್ಲಿ 1884ರ ಬಿನ್ನಿ ಮಿಲ್ಲಿನ ನೆಲದ ಮೇಲೆ ಇಂದು ಅಪಾರ್ಟ್‌ಮೆಂಟುಗಳು ನಿಂತಿವೆ. ಮೊದಲು ನೂರು ಆಳಿನ ಕಾರ್ಖಾನೆ ಮುಚ್ಚಲೂ ಸರಕಾರದ ಅನುಮತಿ ಬೇಕಿತ್ತು. 2020ರ ಸಂಹಿತೆ ಆ ಗೆರೆಯನ್ನು 300ಕ್ಕೆ ಏರಿಸಿತು. ಅದಕ್ಕಿಂತ ಚಿಕ್ಕ ಕಾರ್ಖಾನೆಯ ಮಾಲಿಕ ಅನುಮತಿ ಬೇಡಬೇಕಾಗಿಯೇ ಇಲ್ಲ. ಉದಾರ ಸರಕಾರ!

ಆದುದರಿಂದ ಪುರಸಭೆಯಾಗಲಿ ಪಂಚಾಯಿತಿಯಾಗಲಿ ಅಂಥ ನೆಲದಲ್ಲಿ ಹೊಸ ಕಟ್ಟಡಕ್ಕೆ ಲೈಸೆನ್ಸು ಕೊಡುವ ಮೊದಲು ಕಾರ್ಮಿಕ ಇಲಾಖೆಯ ಅಧಿಕಾರಿ ಹಳೆಯ ಕಟ್ಟಡದೊಳಗೆ ಹೋಗಲಿ. ಜೊತೆಗೆ ಹಳೆಯ ಕೆಲಸಗಾರರಿಬ್ಬರು ಹೋಗಲಿ. ಯಾವ ಕಪಾಟಿನಲ್ಲಿ ಏನಿತ್ತೆಂದು ಅವರಿಗೆ ಗೊತ್ತು. ಸಿಕ್ಕಿದ ಪುಸ್ತಕಗಳ ಪಟ್ಟಿ ಮಾಡಿ ಎಲ್ಲರೂ ಸಹಿ ಹಾಕಲಿ. ಬಾಕಿ ತೀರಿದ ಮೇಲೆ ಗೋಡೆ ಬೀಳಲಿ. ಕೆಮರಾದವರೂ ಧಾರಾಳವಾಗಿ ಬರಲಿ, ಹಾಜರಿ ಪುಸ್ತಕದ ಒಂದೊಂದು ಹಾಳೆಯ ಪಟವನ್ನೂ ತೆಗೆಯಲಿ.