ಕಳವಾದ ಜೀಪಿನ ಬದಲಿಗೆ ಎಂಥದನ್ನು ಕೊಳ್ಳೋಣ?



2025ರ ಮೇ ತಿಂಗಳಲ್ಲಿ ನಮ್ಮ ಜೀಪು ಕಳವಾಯಿತು. ಅಡಿಕೆ ಮಾರಿ ಬರಲೆಂದು ಗಡಿಯಾಚೆಯ ಪೇಟೆಗೆ ಹೋಗಿದ್ದೆವು. ಊಟ ಮುಗಿಸಿ ಬರುವಷ್ಟರಲ್ಲಿ ನಿಲ್ಲಿಸಿದ ಜಾಗ ಖಾಲಿಯಾಗಿತ್ತು. ಮುಂದಿನ ತಿಂಗಳಿಗೆ ಮಳೆ. ತೋಟಕ್ಕೆ ಮದ್ದು ಬಿಡುವ ಕಾಲ. ಮೈಲುತುತ್ತು, ಸುಣ್ಣ, ಪಂಪು, ಆಳುಗಳು, ಎಲ್ಲವನ್ನೂ ಆ ಚಡಾವಿನಲ್ಲಿ ಮೇಲಕ್ಕೆ ಸಾಗಿಸುತ್ತಿದ್ದುದು ಅದೊಂದೇ. ಹೀಗೆ ಕಳೆದುಕೊಂಡವರು ಕಾಸರಗೋಡಿನ ಗುಡ್ಡೆಬದಿಯಲ್ಲಿ ನಾವೊಬ್ಬರೇ ಅಲ್ಲವಾದ್ದರಿಂದ, ಇನ್ನೊಂದು ಹಳೆಯ ಜೀಪನ್ನು ಹುಡುಕುವಾಗ ನಾವು ಕಂಡುಕೊಂಡ ನಾಲ್ಕು ಮಾತುಗಳನ್ನು ಇಲ್ಲಿ ಬರೆಯುತ್ತಿದ್ದೇವೆ.

ಮೊದಲನೆಯದು ದೂರಿನ ವಿಚಾರ. ಕಳವಾದುದು ಆ ರಾಜ್ಯದಲ್ಲಿ, ಆದ್ದರಿಂದ ಅಲ್ಲಿಗೆ ಹೋಗಿ ಎಂದು ಇಲ್ಲಿಯವರು. ವಾಹನ ಆ ರಾಜ್ಯದ್ದು, ಆದ್ದರಿಂದ ಅಲ್ಲಿಗೆ ಹೋಗಿ ಎಂದು ಅಲ್ಲಿಯವರು. ಹೀಗೆ ಒಂದೂವರೆ ದಿನ ಕಳೆಯಿತು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೆಯ ಕಲಮು, ಅಪರಾಧ ಎಲ್ಲಿಯೇ ನಡೆದಿರಲಿ, ಯಾವ ಠಾಣೆಯಲ್ಲಾದರೂ ದೂರು ಕೊಡಬಹುದೆನ್ನುತ್ತದೆ. ಬರೆದುಕೊಂಡುದನ್ನು ದೂರು ಕೊಟ್ಟವನಿಗೆ ಓದಿ ಹೇಳಬೇಕು. ಪ್ರತಿಯನ್ನು ಬಿಟ್ಟಿಯಾಗಿ ಕೊಡಬೇಕು. ಗಡಿಯಲ್ಲಿ ಬಾಳುವ ನಾವು ಇದನ್ನು ಬಾಯಿಪಾಠ ಮಾಡಿಕೊಂಡಿರಬೇಕು. ನಮ್ಮ ದೂರನ್ನು ಮಲಯಾಳದಲ್ಲಿ ಬರೆದುಕೊಂಡರು. ಓದಿ ಹೇಳಿ ಎಂದು ಕೇಳುವ ಧೈರ್ಯ ನಮಗೆ ಬರಲಿಲ್ಲ. ಚಾಸಿಯ ಸಂಖ್ಯೆಯಲ್ಲಿ ಒಂದು ಅಂಕೆ ತಪ್ಪಿತ್ತು. ಆ ಒಂದು ಅಂಕೆಯನ್ನು ತಿದ್ದಿಸಿಕೊಳ್ಳಲು ಎರಡು ತಿಂಗಳು ಓಡಾಡಿದೆವು. ಅಷ್ಟೂ ಕಾಲ ವಿಮೆಯ ಹಣ ನಿಂತಿತು. ಅಹವಾಲನ್ನು ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವ ಭಾಷೆಯಲ್ಲಾದರೂ ಸಲ್ಲಿಸುವ ಹಕ್ಕನ್ನು ಸಂವಿಧಾನದ 350ನೆಯ ವಿಧಿ ನಮಗೆ ಕೊಟ್ಟಿದೆ. ಕನ್ನಡದಲ್ಲಿ ಬರೆದ ಒಂದು ಅರ್ಜಿಯನ್ನು ನಾವೂ ಜತೆಯಲ್ಲಿ ಕೊಟ್ಟಿದ್ದರೆ ತಪ್ಪು ಅಂದೇ ಹೊರಬೀಳುತ್ತಿತ್ತು. ತಪ್ಪು ಬರೆದವರದು ಅರ್ಧ, ಕೇಳದೆ ಸಹಿ ಹಾಕಿದ ನಮ್ಮದು ಅರ್ಧ.

ಎರಡನೆಯದು ವಿಮೆ. ಮೂರನೆಯವರ ಹಾನಿಗೆಂದು ಮಾಡಿಸುವ ಕಡ್ಡಾಯದ ವಿಮೆಯಿಂದ ಕಳವಿಗೆ ಬಿಡಿಕಾಸೂ ಬರುವುದಿಲ್ಲ. ಪೂರ್ಣ ವಿಮೆಯಿದ್ದರೂ ವಾಹನ ಹಳೆಯದಾದಂತೆ ಬೆಲೆ ಕಡಿಮೆ: ನಾಲ್ಕರಿಂದ ಐದು ವರ್ಷದ್ದಕ್ಕೆ ಶೇಕಡಾ 50 ಸವಕಳಿ ಕಳೆಯುತ್ತಾರೆ, ಐದು ದಾಟಿದ ಮೇಲೆ ವಿಮೆ ಮಾಡಿಸುವಾಗ ಒಪ್ಪಿಕೊಂಡ ಮೊತ್ತವೇ ಗತಿ. ಆ ಮೊತ್ತವನ್ನು ನೋಡದೆ ಸಹಿ ಹಾಕಬೇಡಿರಿ. ಎರಡೂ ಬೀಗದಕೈಗಳನ್ನು ಜೋಪಾನವಾಗಿಡಿರಿ; ಹಣ ಕೇಳುವಾಗ ಅವನ್ನೂ ಕೇಳುತ್ತಾರೆ.

ಇನ್ನು ಕೊಳ್ಳುವ ವಿಚಾರ. ನಿಜವಾಗಿ ನಾಲ್ಕೂ ಚಕ್ರ ಎಳೆಯುವ ಜೀಪು ನಮಗೆ ಬೇಕೇ? ಮನೆಯವರೆಗೆ ಡಾಮರು ಬಂದಿದ್ದರೆ ಬೇಡ. ಅದು ಹೆಚ್ಚು ಎಣ್ಣೆ ಕುಡಿಯುತ್ತದೆ, ಹೆಚ್ಚು ರಿಪೇರಿ ಬೇಡುತ್ತದೆ. ಆದರೆ ತೋಡು ದಾಟಿ, ಕೆಂಪು ಮಣ್ಣಿನ ಚಡಾವು ಹತ್ತಿ ಹೋಗುವ ತೋಟವಾದರೆ ಬೇರೆ ಮಾತು. ಇನ್ನೂರು ಲೀಟರಿನ ಒಂದು ಪೀಪಾಯಿ ಬೋರ್ಡೋ ದ್ರಾವಣದ ತೂಕವೇ ಇನ್ನೂರು ಕಿಲೋ ಮೀರುತ್ತದೆ. ಜಡಿಮಳೆಯಲ್ಲಿ ಹಿಂದಿನ ಎರಡು ಚಕ್ರ ಮಾತ್ರ ತಿರುಗಿದರೆ ಗಾಡಿ ಅಲ್ಲಿಯೇ ಕೆಸರು ತೋಡುತ್ತ ನಿಲ್ಲುವುದು. ನೆರೆಯ ಇಬ್ಬರು ಮೂವರು ಸೇರಿ ಬಾಡಿಗೆಗೆ ತರಿಸಿದರೆ ಸಾಕಾಗುವಷ್ಟೇ ಕೆಲಸವಿದ್ದರೆ, ಅದೇ ಲೇಸು.

ಬೇಕೆಂದಾದರೆ ಯಾವುದು? ನಮ್ಮ ಅಭಿಪ್ರಾಯ ಇಷ್ಟು: ಊರಿನ ಮೆಕ್ಯಾನಿಕನಿಗೆ ಗೊತ್ತಿರುವುದೇ ಒಳ್ಳೆಯ ಜೀಪು. ಮಹೀಂದ್ರದ ಹಳೆಯ ಡೀಸೆಲ್ ಜೀಪುಗಳು, ಬೊಲೆರೋದ ನಾಲ್ಕು ಚಕ್ರದ ಮಾದರಿ, 2010ರಲ್ಲಿ ಬಂದ ಮೊದಲ ತಲೆಮಾರಿನ ಥಾರ್, ಇವುಗಳ ಬಿಡಿಭಾಗ ನಮ್ಮ ಪೇಟೆಗಳಲ್ಲಿ ಸಿಗುತ್ತದೆ. ಬೊಲೆರೋದಲ್ಲಿಯೂ ಹಳೆಯ ಥಾರಿನಲ್ಲಿಯೂ ಎರಡು ಚಕ್ರದವೂ ಇವೆಯೆಂಬುದನ್ನು ಮರೆಯಬಾರದು. ಹೆಸರು ನೋಡಿ ಹಣ ಕೊಟ್ಟು ಮೋಸಹೋದವರಿದ್ದಾರೆ. 1985ರಿಂದ ಬಂದ ಮಾರುತಿ ಜಿಪ್ಸಿ ಹಗುರವಾದುದರಿಂದ ಕೆಸರಿನಲ್ಲಿ ಲೀಲಾಜಾಲವಾಗಿ ನಡೆಯುತ್ತದೆ. ಆದರೆ ಅದು ಪೆಟ್ರೋಲಿನದು, ಹೊರೆಗೆ ಚಿಕ್ಕದು, ತಯಾರಿಕೆಯೂ ನಿಂತಿದೆ. ಹೊಳೆಯುವ ಬಣ್ಣ, ಹೆಡ್ಡನೆಯ ಟಯರು ಕಂಡು ಮರುಳಾಗಬೇಡಿರಿ. ತಯಾರಕರ ಮೂಲರೂಪವನ್ನು ಬದಲಿಸುವಂತಿಲ್ಲವೆಂದು ನಮ್ಮ ಕೇರಳದಿಂದಲೇ ಹೋದ ಮೊಕದ್ದಮೆಯಲ್ಲಿ 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟು ತೀರ್ಪಿತ್ತಿದೆ.

ನೋಡುವ ಕ್ರಮ ಹೀಗೆ. ಬೆಳಗ್ಗೆ ಎಂಜಿನು ತಣ್ಣಗಿರುವಾಗಲೇ ಹೋಗಿರಿ. ಬಿಸಿಮಾಡಿಟ್ಟ ಎಂಜಿನು ರೋಗವನ್ನು ಮರೆಸುತ್ತದೆ. ನೀಲಿ ಹೊಗೆ ಬಂದರೆ ಎಂಜಿನೆಣ್ಣೆ ಉರಿಯುತ್ತಿದೆಯೆಂದು ತಿಳಿಯಿರಿ. ಅಡಿಗೆ ಮಲಗಿ ಚೌಕಟ್ಟನ್ನು ನೋಡಿರಿ: ತುಕ್ಕು, ಹೊಸ ಬೆಸುಗೆ, ದಪ್ಪ ಕರಿಬಣ್ಣ ಇವು ಕೆಟ್ಟ ಕುರುಹು. ಮುಂದಿನ ಚಕ್ರಗಳಿಗೆ ಶಕ್ತಿ ಒಯ್ಯುವ ದಂಡವನ್ನೇ ಕಳಚಿ ಮಾರಿದ ಜೀಪುಗಳೂ ಇವೆ. ಡಿಫರೆನ್ಷಿಯಲ್ಲಿನ ಎಣ್ಣೆ ಹಾಲಿನಂತೆ ಬೆಳ್ಳಗಿದ್ದರೆ ನೀರು ಹೊಕ್ಕಿದೆಯೆಂದರ್ಥ. ನಾಲ್ಕು ಟಯರೂ ಒಂದೇ ಅಳತೆಯವಾಗಿರಬೇಕು. ಬಳಿಕ ಒದ್ದೆ ಮಣ್ಣಿನ ಏರಿಗೆ ಒಯ್ದು, ಫೋರ್‌ವೀಲಿನ ತಗ್ಗು ಗೇರಿಗೆ ಹಾಕಿ ಹತ್ತಿಸಿರಿ. ಮುಂದಿನ ಚಕ್ರಗಳೂ ಮಣ್ಣು ಕಚ್ಚುತ್ತವೆಯೇ ಎಂದು ಹೊರಗೆ ನಿಂತು ಒಬ್ಬರು ನೋಡಲಿ. ಈ ಪರೀಕ್ಷೆಯನ್ನು ಒಣ ಡಾಮರಿನ ಮೇಲೆ ಮಾಡಕೂಡದು. ಇಂಥ ಜೀಪಿನ ಹಲ್ಲುಚಕ್ರಗಳಿಗೆ ಅದು ಪೆಟ್ಟು.

ಕಾಗದಪತ್ರದ ಮಾತು ಕೊನೆಗೆ ಬಂದರೂ ಅದೇ ಮೊದಲನೆಯದು. ಮಂಗಳೂರು, ಪುತ್ತೂರು ಕಡೆಯ ಗಾಡಿಗಳು ನಮಗೆ ಹತ್ತಿರ. ಆದರೆ ಅಲ್ಲಿಂದ ತಂದುದನ್ನು ಹನ್ನೆರಡು ತಿಂಗಳಿಗೆ ಮೀರಿ ಇಲ್ಲಿ ಇಟ್ಟುಕೊಳ್ಳಬೇಕಾದರೆ ಇಲ್ಲಿಯ ನಂಬರು ಪಡೆಯಬೇಕು; ಇಲ್ಲಿಯ ತೆರಿಗೆ ಬೇರೆ. ಈ ಖರ್ಚನ್ನು ಬೆಲೆಗೆ ಸೇರಿಸಿಯೇ ಅಗ್ಗವೋ ತುಟ್ಟಿಯೋ ಲೆಕ್ಕ ಹಾಕಿರಿ. ಹದಿನೈದು ವರ್ಷ ದಾಟಿದ ಕಾರು ಜೀಪುಗಳ ನೋಂದಣಿ ನವೀಕರಣದ ಶುಲ್ಕ 2022ರ ಏಪ್ರಿಲಿನಲ್ಲಿ 600 ರೂಪಾಯಿಯಿಂದ 5000ಕ್ಕೆ ಏರಿತೆಂಬುದೂ ನೆನಪಿರಲಿ. ಮೂಲ ಸಾರಿಗೆ ಕಚೇರಿಯಿಂದ 28ನೆಯ ನಮೂನೆಯ ನಿರಾಕ್ಷೇಪಣಾ ಪತ್ರ ತರಿಸದೆ ಹಣ ಕೊಡಬೇಡಿರಿ. ಆ ವಾಹನದ ಮೇಲೆ ಕಳವಿನ ಮೊಕದ್ದಮೆಯಿಲ್ಲವೆಂದು ಪೊಲೀಸರಿಂದ ವರದಿ ಪಡೆದ ಮೇಲೆಯೇ ಈ ಪತ್ರ ಕೊಡಬೇಕೆಂದು ಕಾನೂನಿದೆ. ಚಾಸಿಯ ಅಂಕೆಯ ಮೇಲೆ ಕಾಗದವಿಟ್ಟು ಪೆನ್ಸಿಲು ಉಜ್ಜಿ ಅಚ್ಚು ತೆಗೆದು, ಆರ್.ಸಿ.ಯೊಂದಿಗೆ ಒಂದೊಂದೇ ಅಂಕೆಯನ್ನು ಹೋಲಿಸಿರಿ. ಕಳವಾದ ವಾಹನಗಳನ್ನು ಪರಿಶೀಲಿಸಲು ಕೇಂದ್ರದ ಅಪರಾಧ ದಾಖಲೆ ಸಂಸ್ಥೆಯ ‘ವಾಹನ ಸಮನ್ವಯ’ ವ್ಯವಸ್ಥೆಯಿದೆ. ಓದುವ ಮಕ್ಕಳಿಂದ ಮೊಬೈಲಿನಲ್ಲಿ ನೋಡಿಸಿರಿ.

ಇಷ್ಟನ್ನು ಒತ್ತಿ ಹೇಳಲು ಕಾರಣವಿದೆ. ನಮ್ಮ ಹುಡುಕಾಟದ ನಡುವೆ ಒಬ್ಬನು ಬಂದು, ಒಂದು ಜೀಪು ಅರ್ಧ ಬೆಲೆಗಿದೆ, ಕಾಗದ ಆಮೇಲೆ ಬರುತ್ತದೆ, ತೋಟದೊಳಗೇ ಓಡಿಸುವ ನಿಮಗೆ ಕಾಗದ ಯಾಕೆ ಎಂದನು. ಮಳೆ ಸುರಿಯುತ್ತಿತ್ತು, ಅಡಿಕೆಗೆ ಕೊಳೆರೋಗ ತಗಲುತ್ತಿತ್ತು, ಮದ್ದು ಮೇಲೆ ಹೋಗಿರಲಿಲ್ಲ. ಒಂದು ರಾತ್ರಿ ನಾವು ಅದನ್ನು ಯೋಚಿಸಿದ್ದು ನಿಜ, ಮುಚ್ಚಿಡುವುದೇಕೆ? ಬೆಳಗಾದ ಮೇಲೆ ಒಂದು ಮಾತು ಹೊಳೆಯಿತು. ನಮ್ಮ ಜೀಪನ್ನೂ ಎಲ್ಲಿಯೋ ಯಾರೋ ಒಬ್ಬ ಕೃಷಿಕನ ಅಂಗಳದಲ್ಲಿ ಇಂಥದೇ ಮಾತು ಹೇಳಿ ಮಾರಿರಬೇಕು. ಅವನೂ ಮಳೆಯನ್ನು ನೋಡಿ ಒಪ್ಪಿರಬೇಕು. ಕೊಳ್ಳುವವನಿಲ್ಲದಿದ್ದರೆ ಕದಿಯುವವನಿಗೆ ಏನು ಲಾಭ? ಕದ್ದ ಮಾಲೆಂದು ತಿಳಿದೋ, ತಿಳಿಯಲು ಕಾರಣವಿದ್ದೋ ಕೊಂಡವನಿಗೆ ಭಾರತೀಯ ನ್ಯಾಯ ಸಂಹಿತೆಯ 317ನೆಯ ಕಲಮು ಮೂರು ವರ್ಷದವರೆಗಿನ ಸೆರೆವಾಸ ವಿಧಿಸುತ್ತದೆ. ಅದಿಲ್ಲದಿದ್ದರೂ ಆ ಜೀಪು ನಮ್ಮ ಅಂಗಳಕ್ಕೆ ಬರಬಾರದಿತ್ತು. ಅವನನ್ನು ಹಿಂದೆ ಕಳುಹಿಸಿದೆವು. ಆ ಮಳೆಗಾಲ ಮದ್ದನ್ನು ತಲೆಹೊರೆಯಲ್ಲಿಯೇ ಹೊರಿಸಿದೆವು. ಎರಡನೆಯ ಸಲದ ಮದ್ದು ತಡವಾಗಿ, ಒಂದಿಷ್ಟು ಫಸಲು ಉದುರಿಯೂ ಹೋಯಿತು.

ವಿಮೆಯ ಹಣಕ್ಕೆ ಕೈಯಿಂದಷ್ಟು ಸೇರಿಸಿ, ಕಾಗದ ಸರಿಯಿದ್ದ ಒಂದು ಹಳೆಯ ಜೀಪನ್ನು ಮಳೆ ಕಳೆದ ಮೇಲೆ ತಂದೆವು. ಬಣ್ಣ ಮಾಸಿದೆ, ಸೀಟು ಹರಿದಿದೆ, ಚಡಾವು ಹತ್ತುತ್ತದೆ. ಅವಸರದಲ್ಲಿ ಅಗ್ಗದ ಗಾಡಿಗೆ ಕೈಚಾಚುವ ಮೊದಲು, ಅದು ಯಾವ ಅಂಗಳದಿಂದ ಬಂತೆಂದು ಒಮ್ಮೆ ಕೇಳಿರಿ. ನಮ್ಮ ಊರುಗಳ ಕೃಷಿಕರೆಲ್ಲರೂ ಹಾಗೆ ಕೇಳುವಂತಾದರೆ, ಪೇಟೆಯಲ್ಲಿ ನಿಲ್ಲಿಸಿದ ಜೀಪು ನಿಲ್ಲಿಸಿದಲ್ಲಿಯೇ ಉಳಿದೀತು.